ಸುವರ್ಣಾಳ ತಲೆಯ ಫಿಲ್ಮು

ನಾನೊಂದು ಫಿಲ್ಮು. ಸಿನಿಮಾದ್ದಲ್ರೀ, ಎಂಆರ್‌ಐ ಫಿಲ್ಮು. ಹುಬ್ಬಳ್ಳಿಯ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಹುಟ್ಟಿದೆ. ಒಂದೂವರೆ ವರ್ಷದ ಸುವರ್ಣಾ ಒಳಗೆ ನಿದ್ದೆ ಔಷಧಿ ಕುಡಿದು ಮಲಗಿದ್ದಳು. ಹೊರಗೆ ಅವಳ ಅವ್ವ ನೀಲವ್ವ, ಮಗಳ ಸೊಂಟದಿಂದ ಬಿಚ್ಚಿಸಿದ ಬೆಳ್ಳಿ ಉಡದಾರ ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು.

ಕೂಸಿನ ಕಾಲು ಕಟ್ಟಿಗೆಯಷ್ಟು ಬಿಗಿ. ಡಾಕ್ಟರು ನನ್ನನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ಮಿದುಳಿನ ಬಿಳಿ ಕಲೆಗಳನ್ನು ತೋರಿಸಿದರು. ಕಾಲಿಗೆ ಹೋಗುವ ನರದ ದಾರಿ ಅಲ್ಲೇ ಕೆಟ್ಟಿದೆ ಎಂದರು.

ನೀಲವ್ವ ಕೇಳಿದ್ದು ಬೇರೆ. "ಸಾಹೇಬ್ರ, ಬಸುರಿದ್ದಾಗ ಏಳನೇ ತಿಂಗಳಾಗ ಕುಬಸದ ಉಡಿ ತುಂಬಿಸಿಕೊಳ್ಳಾಕ ತವರಿಗೆ ಬಸ್ಸಿನ್ಯಾಗ ಹೋಗಿದ್ನಿರಿ. ಮರುದಿನಾನ ಬ್ಯಾನಿ ಬಂತು. ಬಸ್ಸಿನ ಏಟು ಇದರಾಗ ಎಲ್ಲೈತ್ರಿ?"

"ಬಸ್ಸಿಗೂ ಇದಕ್ಕೂ ಸಂಬಂಧ ಇಲ್ಲಮ್ಮ. ದಿನ ತುಂಬೋ ಮೊದಲೇ ಹುಟ್ಟಿದ ಕೆಲವು ಮಕ್ಕಳಿಗೆ ಹೀಗಾಗ್ತದೆ. ನಿಮ್ಮ ತಪ್ಪಲ್ಲ."

ಆ ಮಾತನ್ನು ಅವಳು ಮನೆಯಲ್ಲಿ ಅಕ್ಷರ ಬಿಡದೆ ಒಪ್ಪಿಸಿದಳು. ಪಾಪ, ಅಲ್ಲೇ ಎಡವಟ್ಟಾಯಿತು.

ಅತ್ತೆ ಗಂಗವ್ವ ನನ್ನನ್ನು ಕಿಟಕಿಗೆ ಹಿಡಿದಳು, ಅದೂ ತಲೆಕೆಳಗಾಗಿ. "ದಿನಾ ತುಂಬೂ ಮೊದ್ಲ ಹಡದಾಕಿ ಯಾರು? ಬ್ಯಾಡಂದ್ರೂ ಬಸ್ ಹತ್ತಿದಾಕಿ ಯಾರು? ನೋಡು, ಡಾಕ್ಟ್ರೂ ಅದನ್ನ ಹೇಳ್ಯಾರ!"

ಅಂದಿನಿಂದ ನಾನು ಸಾಕ್ಷಿ. ಮನೆಗೆ ಯಾರೇ ಬರಲಿ, ಚಹಾಕ್ಕಿಂತ ಮೊದಲು ನಾನು ಹೊರಗೆ. ಬಂದವರೆಲ್ಲ ನನ್ನನ್ನು ನೋಡಿ ಲೊಚಗುಟ್ಟಿ, ಆಮೇಲೆ ನೀಲವ್ವನ ಕಡೆ ನೋಡುತ್ತಿದ್ದರು. ಅಯ್ಯೋ, ನನ್ನಲ್ಲಿರುವುದು ಕಲೆ ಅಷ್ಟೇ. ಬಸ್ಸೂ ಇಲ್ಲ, ಕುಬಸವೂ ಇಲ್ಲ. ಕೂಗಿ ಹೇಳೋಣವೆಂದರೆ ಬಾಯಿ ಎಲ್ಲಿಂದ ತರಲಿ? ನೀಲವ್ವ ಮಗಳ ಕಾಲು ನೀವುತ್ತಿದ್ದಳು. ತವರಿಗೆ ಹೋಗುವುದನ್ನೇ ಬಿಟ್ಟಳು.

ಈಗ ನಾನು ಮುದಿಯಾದೆ. ಮೈಯೆಲ್ಲ ಗೀರು, ಬೆರಳಿನ ಜಿಡ್ಡು. ಅಡುಗೆಮನೆ ಮೂಲೆಯ ಟ್ರಂಕಿನ ಹಿಂದೆ ಬಿದ್ದಿದ್ದೇನೆ. ನಾನಿಲ್ಲದೆಯೂ ಗಂಗವ್ವನ ಕಥೆ ನಡೆಯುತ್ತದೆ, ಅದಕ್ಕೀಗ ಸಾಕ್ಷಿ ಬೇಕಿಲ್ಲ. ಸುವರ್ಣಾಗೆ ಏಳು ವರ್ಷ. ನಡೆಯಲು ಗೋಡೆ ಬೇಕು, ಮಾತು ಮಾತ್ರ ಅರಳು ಹುರಿದಂತೆ.

ಮೊನ್ನೆ ನೆಂಟರ ಮುಂದೆ ಗಂಗವ್ವ ಮತ್ತೆ ಅದೇ ರಾಗ ತೆಗೆದಳು. ನೀಲವ್ವ ಎದ್ದು ಅಡುಗೆಮನೆಗೆ ಬಂದಳು. ಹಿಂದೆಯೇ ಸುವರ್ಣಾ ಗೋಡೆ ಹಿಡಿದು ಬಂದಳು.

"ಯವ್ವಾ, ದಿನಾ ತುಂಬೂ ಮೊದ್ಲ ಲಗೂನ ಬಂದಾಕಿ ನಾನು. ನಿನಗ್ಯಾಕ ಬೈತಾರ?"

ನೀಲವ್ವ ಬಾಯಿಗೆ ಸೆರಗು ಒತ್ತಿಕೊಂಡು ಮಗಳ ಪಕ್ಕ ಕೂತಳು. ನಿನ್ನ ತಪ್ಪೂ ಏನಿಲ್ಲ ಕೂಸೇ ಎನ್ನಲು ನಾನು ಟ್ರಂಕಿನ ಹಿಂದೆ ಒದ್ದಾಡಿದೆ. ಪ್ಲಾಸ್ಟಿಕ್ ಹಾಳೆ ಒದ್ದಾಡಿದರೆ ಯಾರಿಗೆ ಕೇಳಿಸುತ್ತದೆ?