ಎಕ್ಸ್-ರೇದಾಗ ಕಾಣದ ನೋವು

ಶೇಡಬಾಳದ ನಮ್ಮ ಜೈನರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ಉಣ್ಣುವುದಿಲ್ಲ. ತುಂಬಿದ ಮನೆಗೆ ಬೇಕಾದ ಜೋಳದ ರೊಟ್ಟಿಯನ್ನೆಲ್ಲ ಅದಕ್ಕೂ ಮೊದಲೇ ಗಡಿಬಿಡಿಯಲ್ಲಿ ಬಡಿದು ಮುಗಿಸಬೇಕು. ಮದುವೆಯಾಗಿ ಬಂದಾಗಿನಿಂದ ಅದು ನನ್ನ ಪಾಲು. ಹೊತ್ತಿನ ಜೊತೆ ಓಡಿ ಓಡಿ ಕೊನೆಗೆ ನನ್ನ ಬಲ ಮೊಣಕೈಯೇ ಕೈಕೊಟ್ಟಿತು. ತಂಬಿಗೆ ಎತ್ತಿದರೂ ಜೀವ ಹೋದಂತಾಗುತ್ತಿತ್ತು.

ಮಿರಜದಲ್ಲಿ ಎಕ್ಸ್-ರೇ ತೆಗೆದರು. ಎಲುಬು ನೆಟ್ಟಗಿದೆ ಎಂದರು. ನನ್ನ ಯಜಮಾನರು ಭೂಪಾಲರಿಗೆ ಅಷ್ಟೇ ಸಾಕಾಯಿತು.

"ಫೋಟೋದಾಗ ಏನೂ ಇಲ್ಲ. ಬರೇ ಸೋಂಗ ಮಾಡಾಕತ್ತಿ," ಎಂದರು.

ಸೋಂಗ! ನಾಟಕದವರು ಹಾಕುವ ವೇಷವಂತೆ ನನ್ನ ನೋವು. ಮೈಯೆಲ್ಲ ಉರಿದುಹೋಯಿತು. ಅತ್ತೆ ಲಕ್ಷ್ಮಿಬಾಯಿ ಪಕ್ಕದಲ್ಲೇ ಇದ್ದರೂ ತುಟಿ ಪಿಟಕ್ಕೆನ್ನಲಿಲ್ಲ. ಆಕೆಯ ಮೇಲೂ ಸಿಟ್ಟು ಬಂತು.

ಎಕ್ಸ್-ರೇದಲ್ಲಿ ಎಲುಬು ಮಾತ್ರ ಕಾಣುತ್ತದೆ, ಸ್ನಾಯು ಕಾಣಬೇಕಾದರೆ ಪುಣೆಯಲ್ಲಿ ಎಂಆರ್‌ಐ ಮಾಡಿಸಬೇಕು ಎಂದು ಡಾಕ್ಟರೇ ಹೇಳಿದ್ದರು. ಇದು ತೊಂಬತ್ತೆಂಟರ ಮಾತು. ನಮ್ಮ ಕಡೆ ಆ ಮಶೀನಿನ ಹೆಸರು ಕೇಳಿದವರೇ ಕಡಿಮೆ.

"ಅದನ್ನ ಮಾಡ್ಸೂತನಾ ನಾ ಹಿಟ್ಟು ಮುಟ್ಟೂದಿಲ್ರಿ," ಎಂದೆ.

ಅತ್ತೆಯೂ ಯಾಕೋ ಹಿಟ್ಟಿಗೆ ಕೈ ಹಾಕಲಿಲ್ಲ. ಅನ್ನ-ಸಾರು ಉಂಡು ಉಂಡು ಬೇಸತ್ತ ಯಜಮಾನರು ಕೊನೆಗೆ ರೈಲಿನ ಟಿಕೀಟು ತಂದರು. ಅತ್ತೆಯೂ ಹೊರಟಳು.

ಪುಣೆಯಲ್ಲಿ, ಮೈಮೇಲೆ ಲೋಹದ ಚೂರೂ ಇರಕೂಡದು ಎಂದರು. ಮಂಗಳಸೂತ್ರವನ್ನು ಹಿಂದೆಮುಂದೆ ನೋಡದೆ ಬಿಚ್ಚಿ ಅತ್ತೆಯ ಕೈಗಿಟ್ಟೆ. ಯಜಮಾನರ ಮುಖ ಸಪ್ಪಗಾಯಿತು. ಬೋರಲು ಮಲಗಿ, ಕೈಯನ್ನು ತಲೆಯ ಮುಂದೆ ಚಾಚಿಕೊಂಡು ಅಲುಗದೆ ಇರಬೇಕಂತೆ. ಅಲುಗಿದರೆ ಚಿತ್ರ ಕೆಡುತ್ತದಂತೆ. ಆ ಕೊಳವೆಯೊಳಗೆ ಕಬ್ಬಿಣ ಬಡಿದಂಥ ಸದ್ದು. ಮೊಣಕೈ ಕಿತ್ತು ಬರುವಂತೆ ನೋಯುತ್ತಿತ್ತು. ಚಿತ್ರ ಕೆಟ್ಟರೆ ಮತ್ತೆ ಸೋಂಗ ಎನ್ನುತ್ತಾರೆ. ಹಲ್ಲು ಕಚ್ಚಿ ಬಿದ್ದುಕೊಂಡೆ. ಒಂದು ಬೆರಳೂ ಅಲುಗಿಸಲಿಲ್ಲ.

ಮರಳಿ ಬಂದಾಗ ಮಿರಜದ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ಒಂದು ಕಡೆ ಬೆರಳಿಟ್ಟರು.

"ಸ್ನಾಯು ಎಲಬಿಗೆ ಹತ್ತಿದ ಜಾಗಾ ಹರದೈತಿ ನೋಡ್ರಿ. ಹೆಂಗ ತಡಕೊಂಡ್ರಿ ಕುಸುಮಾಬಾಯಿ? ಆರಾಮ ಆಗೂತನಾ ಇನ್ನ ರೊಟ್ಟಿ ಬಂದ್."

ಖುಷಿಗೆ ನನಗೆ ಅಳುವೇ ಬಂತು.

ಯಜಮಾನರು ಫಿಲ್ಮನ್ನು ಬಹಳ ಹೊತ್ತು ನೋಡಿ, "ಆತು ಬಿಡ್ರಿ, ಅಲ್ಲೀತನಾ ನಮ್ಮವ್ವ ಬಡೀತಾಳ," ಎಂದರು.

ಅತ್ತೆ ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು. ಕುಪ್ಪಸದ ತೋಳು ಮೇಲೆ ಸರಿಸಿ, ಬಾತ ಮೊಣಕೈಯನ್ನು ಡಾಕ್ಟರ ಮೇಜಿನ ಮೇಲಿಟ್ಟಳು.

"ಇದನ್ನೂ ಆ ಮಶೀನಿನ್ಯಾಗ ಹಾಕ್ರಿ," ಎಂದಳು. "ಈಕಿ ಮನಿಗೆ ಬರೂಕಿಂತ ಮೊದಲಿಂದ ನೋಯಾಕತ್ತೈತಿ. ನನ್ನ ಮಗಾ ಫೋಟೋ ನೋಡಿದ್ರನ ನಂಬತಾನ."