ಊರು ದಾಟದ ಎರಡು ಲಕ್ಷ ಕಿಲೋಮೀಟರ್

ನಾನು ಕಾರು. ಕಾಗದಪತ್ರದಲ್ಲಿ ನನ್ನ ಬಣ್ಣ ಬಿಳಿ. ಗದಗಿನ ಧೂಳು ಕುಡಿದು ಕುಡಿದು ಈಗ ಹಾಲು ಜಾಸ್ತಿಯಾದ ಚಹಾದ ಬಣ್ಣಕ್ಕೆ ಬಂದಿದ್ದೇನೆ. ಹುಟ್ಟಿದ್ದು ದೂರದ ಒಂದು ದೊಡ್ಡ ಕಾರ್ಖಾನೆಯಲ್ಲಿ. ಉದ್ದನೆಯ ಪಟ್ಟಿಯ ಮೇಲೆ ತೆವಳುತ್ತ ಹೋದ ಹಾಗೆ ಒಬ್ಬರು ಬಾಗಿಲು ಹಚ್ಚಿದರು, ಇನ್ನೊಬ್ಬರು ದೀಪದ ಕಣ್ಣು ಕೂರಿಸಿದರು, ಮತ್ತೊಬ್ಬರು ಎದೆಯೊಳಗೆ ಇಂಜಿನ್ ಕೂರಿಸಿ ಕೀಲಿ ತಿರುವಿದರು. ಅದೇ ನನ್ನ ಮೊದಲ ಅಳು. ಲಾರಿಯ ಬೆನ್ನೇರಿ ಈ ಕಡೆ ಬರುವಾಗ ನನಗೆ ಇದ್ದದ್ದು ಒಂದೇ ಆಸೆ, ದೇಶ ನೋಡಬೇಕು. ಕಾರಾಗಿ ಹುಟ್ಟಿದ ಮೇಲೆ ಮತ್ತೇನು ಬಯಸಬೇಕು, ನೀವೇ ಹೇಳಿ.

ಮೊದಲು ಕೊಂಡವರು ಬ್ಯಾಂಕಿನ ಸಾಹೇಬರು. ಅವರು ನನ್ನನ್ನು ಓಡಿಸಿದ್ದಕ್ಕಿಂತ ಒರೆಸಿದ್ದೇ ಹೆಚ್ಚು. ಭಾನುವಾರ ಹೊದಿಕೆ ತೆಗೆದು ತೊಳೆದು, ಸುತ್ತಲೂ ಒಂದು ಸುತ್ತು ಬಂದು ನೋಡಿ, ಮತ್ತೆ ಹೊದಿಸಿ ಒಳಗೆ ಹೋಗುವರು. ಅವರಿಗೆ ವರ್ಗವಾದಾಗ ನಾನು ಫಕ್ಕೀರಪ್ಪ ಮಾಸ್ತರರ ಕೈಗೆ ಬಂದೆ.

ಮಾಸ್ತರರು ಮುಳಗುಂದ ನಾಕಾ ಎಂಬ ವೃತ್ತದ ಹತ್ತಿರ ಡ್ರೈವಿಂಗ್ ಸ್ಕೂಲು ನಡೆಸುತ್ತಿದ್ದರು. ಬಂದ ದಿನವೇ ನನ್ನ ಎಡಗಡೆಯ ಸೀಟಿನ ಮುಂದೆಯೂ ಒಂದು ಕ್ಲಚ್ಚು, ಒಂದು ಬ್ರೇಕು ಹಾಕಿಸಿದರು. ಕಲಿಯುವವರು ಬಲಗಡೆ, ಕಲಿಸುವವರು ಎಡಗಡೆ. ಹಿಂದೆ ಮುಂದೆ ಕೆಂಪು ಬಣ್ಣದ ಎಲ್ ಬೋರ್ಡು ಬಂತು. ದೇಶ ನೋಡುವ ನನ್ನ ಆಸೆಗೆ ಅಲ್ಲಿಗೆ ಎಳ್ಳುನೀರು ಬಿಟ್ಟಂತಾಯಿತು.

ನನ್ನ ಮೈಮೇಲೆ ಕಲಿತವರ ಕಥೆ ಹೇಳಹೊರಟರೆ ಹೊತ್ತು ಮುಳುಗುತ್ತದೆ. ಗೇರು ಬದಲಿಸಿ ಎಂದರೆ ವೈಪರ್ ಹಾಕುವವರು. ಬ್ರೇಕು ಎಂದರೆ ದೇವರನ್ನು ಕರೆಯುವವರು. ಕ್ಲಚ್ಚನ್ನು ಪೂರ್ತಿ ಒತ್ತದೆ, ಪೂರ್ತಿ ಬಿಡದೆ, ನಡುವೆ ಕಾಲಿಟ್ಟುಕೊಂಡು ನನ್ನ ಪ್ರಾಣ ಹಿಂಡುವವರು. ಫಸ್ಟ್ ಗೇರು, ಸೆಕೆಂಡ್ ಗೇರು, ಇಷ್ಟೇ ನನ್ನ ಸಂಸಾರ. ನಾಕಾದಿಂದ ಹೊರಟು ಮೈದಾನ ಸುತ್ತಿ ಮತ್ತೆ ನಾಕಾಕ್ಕೆ ಬರುವುದು, ಇಷ್ಟೇ ನನ್ನ ದೇಶ. ಮೀಟರು ಒಂದು ಲಕ್ಷ ದಾಟಿ ಎರಡಕ್ಕೆ ಬಂದರೂ ನಾನು ಪಕ್ಕದ ಲಕ್ಕುಂಡಿಯನ್ನೂ ಸರಿಯಾಗಿ ಕಂಡಿರಲಿಲ್ಲ. ನಗಬೇಡಿ, ಗಾಣದೆತ್ತಿಗಾದರೂ ಅಮಾವಾಸ್ಯೆಗೆ ರಜೆ ಇರುತ್ತದೆ.

ಒಂದು ಬೆಳಿಗ್ಗೆ ಎಡಗಡೆಯಿಂದ ಸೈಕಲ್ಲಿನವನೊಬ್ಬ ಅಡ್ಡ ಬಂದ. ಮಾಸ್ತರರ ಕಾಲು ಬ್ರೇಕಿನ ಮೇಲೆ ಬೀಳಲೇ ಇಲ್ಲ. ಬ್ರೇಕು ಹಾಕಿದ್ದು ಕಲಿಯಲು ಬಂದ ಹುಡುಗಿ. ಮಾಸ್ತರರಿಗೆ ಸೈಕಲ್ಲು ಕಂಡೇ ಇರಲಿಲ್ಲ. ಮನೆಗೆ ಬಂದು ಇಳಿದವರು ಹೆಂಡತಿ ಮಹಾನಂದಕ್ಕನಿಗೆ, ನಾಳೆಯಿಂದ ಎಡಗಡೆ ನೀನೇ ಕೂಡು ಎಂದಷ್ಟೇ ಹೇಳಿದರು. ಆಕೆಗೆ ಕಾರು ಕಲಿಸಿದ್ದೂ ಅವರೇ, ನನ್ನ ಮೇಲೆಯೇ. ಮದುವೆಯಾದ ಹೊಸತರಲ್ಲಿ ಇಬ್ಬರೂ ಮೈದಾನದಲ್ಲಿ ಜಗಳವಾಡುತ್ತ, ನಗುತ್ತ, ನನ್ನನ್ನು ಸುತ್ತಿಸಿದ್ದು ನನಗೆ ಚೆನ್ನಾಗಿ ನೆನಪಿದೆ.

ಹುಬ್ಬಳ್ಳಿಯ ಕಣ್ಣಿನ ಡಾಕ್ಟರು ನೋಡಿ, ಪಕ್ಕದ ನೋಟ ಆಗಲೇ ಹೋಗಿದೆ, ನಡುವಿನದೂ ಮೆಲ್ಲಗೆ ಹೋಗುತ್ತದೆ, ತಡೆಯುವ ಔಷಧಿ ಇಲ್ಲ ಎಂದರಂತೆ. ಕಾಣುವಾಗಲೇ ನೋಡಬೇಕಾದದ್ದನ್ನೆಲ್ಲ ನೋಡಿಬಿಡಿ ಎಂದೂ ಹೇಳಿದರಂತೆ. ಮರುದಿನ ಪಾಠಕ್ಕೆ ಹೊರಟಾಗ ಮಾಸ್ತರರು ಹಿಂದಿನ ಸೀಟಿನಲ್ಲಿ ಕೂತರು. ಆಮೇಲೆ ಎಲ್ಲೋ ನೋಡುತ್ತ ಅಂದರು:

"ನಾ ಸಮುದ್ರ ನೋಡೇ ಇಲ್ಲ ನೋಡು, ನಂದಾ."

ಮಹಾನಂದಕ್ಕ ಕನ್ನಡಿಯಲ್ಲಿ ಅವರ ಮುಖ ನೋಡಿದಳು. ಈ ಬ್ಯಾಚು ಮುಗಿಯಲಿ, ಹೋಗೋಣ ಎಂದಳು. ಆ ಬ್ಯಾಚು ಮುಗಿಯಿತು, ಇನ್ನೊಂದು ಬಂತು. ಪಂಚಾಯಿತಿಯ ಕಸದ ಗಾಡಿ ಓಡಿಸಲು ಹೆಣ್ಣುಮಕ್ಕಳೇ ಬೇಕೆಂದು ಹಳ್ಳಿಗಳ ಮಹಿಳಾ ಸಂಘದವರು ಸಾಲುಗಟ್ಟಿ ಕಲಿಯಲು ಬಂದರು. ಅವರಿಗೆ ಲೈಸೆನ್ಸೇ ಅನ್ನದ ದಾರಿ. ಬೇಡ ಎನ್ನುವುದು ಹೇಗೆ? ಬಸ್ಸಿನಲ್ಲಾದರೂ ಹೋಗಿಬರೋಣ ಎಂದರೆ, ಒಮ್ಮೆ ಬಸ್ ಸ್ಟ್ಯಾಂಡಿನ ನೂಕುನುಗ್ಗಲಲ್ಲಿ ಪಕ್ಕದ ಮೆಟ್ಟಿಲು ಕಾಣದೆ ಬಿದ್ದು ಮೊಣಕಾಲು ಒಡೆದುಕೊಂಡಿದ್ದ ಮಾಸ್ತರರು ಒಪ್ಪುತ್ತಿರಲಿಲ್ಲ. ಹೋದರೆ ನಮ್ಮ ಕಾರಿನಲ್ಲಿ ಎನ್ನುವರು. ನನಗೆ ಹೆಮ್ಮೆ. ಆದರೆ ನಾನು ಒಂದು ದಿನ ನಿಂತರೆ ಅವರ ಒಲೆ ಉರಿಯುವುದು ಕಷ್ಟ, ಅದೂ ನನಗೆ ಗೊತ್ತಿತ್ತು. ಹೀಗೆ ಸಮುದ್ರ ಮುಂದಕ್ಕೆ ಹೋಗುತ್ತಲೇ ಇತ್ತು. ಅವರ ನೋಟವಾದರೋ ಹಿಂದಕ್ಕೆ.

ಅಷ್ಟರಲ್ಲಿ ನಾನೇ ಕೈಕೊಟ್ಟೆ. ಎಣ್ಣೆ ಕುಡಿಯತೊಡಗಿದೆ. ಹಿಂದಿನಿಂದ ನೀಲಿ ಹೊಗೆ. ಏರು ಬಂದರೆ ಎದೆಯೊಳಗೆ ಟಕಟಕ. ಮಾಸ್ತರರು ಹಿಂದೆ ಕೂತೇ ಅದನ್ನು ಕೇಳಿಸಿಕೊಂಡು, ದಾವಲಸಾಬನ ಗ್ಯಾರೇಜಿಗೆ ತಿರುಗಿಸು ಎಂದರು. ದಾವಲಸಾಬ ನನ್ನ ಹಳೆಯ ವೈದ್ಯ. ಬಾನೆಟ್ ಎತ್ತಿ, ಕಿವಿಗೊಟ್ಟು ಕೇಳಿ, ಕೈ ಒರೆಸಿಕೊಂಡ. ಇಂಜಿನ್ ಕೆಳಗಿಳಿಸಬೇಕು, ಸವೆದ ಸಿಲಿಂಡರು ಕೊರೆಸಿ ಬೋರ್ ಮಾಡಿಸಬೇಕು, ಪಿಸ್ಟನ್ನು ರಿಂಗು ಎಲ್ಲ ಹೊಸವು ಎಂದ. ಅವನು ಹೇಳಿದ ಖರ್ಚಿಗೆ ನನ್ನಂಥ ಮುದಿ ಕಾರು ಒಂದೂವರೆ ಬರುತ್ತಿತ್ತು. ನನ್ನನ್ನು ಗುಜರಿಗೆ ಹಾಕಿದರೆ ಬರುವ ಹಣಕ್ಕೆ ನಾಲ್ಕು ಚಕ್ರ ಹಾಗಿರಲಿ, ಎರಡು ಚಕ್ರದ್ದೂ ಬರುತ್ತಿರಲಿಲ್ಲ. ಯಾರೋ ಓಡಿಸಿ ಬಿಟ್ಟ ಗಾಡಿ ಕೊಂಡು ಅದರ ರೋಗ ನಾವು ಹೊರುವುದಕ್ಕಿಂತ ಗೊತ್ತಿರುವ ರೋಗವೇ ವಾಸಿ ಎಂದರು ಮಾಸ್ತರರು. ಸಮುದ್ರಕ್ಕೆಂದು ಇಟ್ಟದ್ದನ್ನೂ ಕೊಟ್ಟುಬಿಡು ಎಂದರು. ಸ್ಕೂಲು ನಿಲ್ಲಬಾರದು ಎಂದರು.

ಆ ಸಂಜೆ ಗ್ಯಾರೇಜಿನಲ್ಲಿ ನನ್ನೊಳಗಿದ್ದ ಚೀಲ, ಟವೆಲ್ಲು, ಗಣಪತಿಯ ಮೂರ್ತಿ ಎಲ್ಲ ತೆಗೆದುಕೊಳ್ಳಲು ಬಂದ ಮಹಾನಂದಕ್ಕ ಎಡಗಡೆ ಸೀಟಿನಲ್ಲಿ ಕೂತು ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಬ್ಯಾಚು, ಬ್ಯಾಚು ಎಂದು ನಾನೇ ಕೆಡಿಸಿದೆ ಎಂದುಕೊಂಡಳು. ನನಗೆ ಕೈಗಳಿದ್ದರೆ ಆಕೆಯ ಬೆನ್ನು ಸವರುತ್ತಿದ್ದೆ. ಇರುವುದು ನಾಲ್ಕು ಗಾಲಿ, ಅವೂ ಇಟ್ಟಿಗೆಯ ಮೇಲೆ.

ಹೊಟ್ಟೆ ಬಗೆಸಿಕೊಂಡ ಸುದ್ದಿ ಹೇಳುವುದಿಲ್ಲ, ನೋವಿನ ಮಾತು ಯಾರಿಗೆ ಬೇಕು. ಇಂಜಿನ್ ಮತ್ತೆ ಕೂತು ಕೀಲಿ ತಿರುವಿದಾಗ ನನಗೇ ನನ್ನ ದನಿ ಗುರುತು ಸಿಗಲಿಲ್ಲ. ಅಷ್ಟು ಮೆತ್ತಗೆ, ಅಷ್ಟು ಚೊಕ್ಕ. ಮಹಾನಂದಕ್ಕ, ನಾಳೆ ಬೆಳಿಗ್ಗೆಯೇ ಸಂಘದವರನ್ನು ಕರೆದಿದ್ದೇನೆ ಎಂದಳು. ದಾವಲಸಾಬ ಕೀಲಿ ಕೊಡಲು ಚಾಚಿದ್ದ ಕೈ ಹಿಂದಕ್ಕೆಳೆದ.

"ಕಲಿಯೋರ ಕೈಯಾಗ ಈಗ ಕೊಡಬ್ಯಾಡ್ರಿ ಅಕ್ಕಾರ. ಹೊಸ ಬೋರು ಐತಿ. ಮೊದಲ ನಾಕನೂರು ಕಿಲೋಮೀಟರ ಉದ್ದನ್ನ ರಸ್ತೆದಾಗ ಒಂದ ಹದದಾಗ ಓಡಬೇಕು. ಊರಾಗ ನಿಂತು ನಿಂತು, ಅರ್ಧ ಕ್ಲಚ್ಚಿನಾಗ ಓಡಿಸಿದ್ರ ಇಷ್ಟೆಲ್ಲಾ ಮಾಡಿದ್ದು ನೀರಾಗ ಹೋಮ."

ಮಹಾನಂದಕ್ಕನಿಗೆ ತಲೆಕೆಟ್ಟಿತು. ಇಷ್ಟು ಸುರಿದದ್ದು ಸಾಲದೆ ಇನ್ನು ದಿನಗಟ್ಟಲೆ ಸುಮ್ಮನೆ ಓಡಿಸಬೇಕೆ, ಅಷ್ಟು ದೂರ ನನಗೇನು ಕೆಲಸವಿದೆ, ಎಲ್ಲಿಗೆ ಹೋಗಲಿ ಎಂದು ಬೈಯುತ್ತಲೇ ಇದ್ದಳು. ಬೈಯುತ್ತಿದ್ದವಳು ಹಾಗೇ ನಿಂತಳು. ಗ್ಯಾರೇಜಿನ ಸ್ಟೂಲಿನ ಮೇಲೆ ಕೂತಿದ್ದ ಮಾಸ್ತರರು ಸದ್ದಿಲ್ಲದೆ ನಗುತ್ತಿದ್ದರು. ಆಕೆಯೂ ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡಳು. ದಾವಲಸಾಬನಿಗೆ ತಲೆಬುಡ ತಿಳಿಯಲಿಲ್ಲ. ಬಾಗಲಕೋಟೆ ಕಡೆಯ ರಸ್ತೆ ಸಮನಾಗಿದೆ, ಆ ಕಡೆ ಹೋಗಿಬನ್ನಿ ಎಂದ. ಅವರು ಮರುದಿನ ಬೆಳಗಾಗುತ್ತಲೇ ಪಡುವಣಕ್ಕೆ ಹೊರಟರು.

ಎಷ್ಟೋ ವರ್ಷಗಳ ಮೇಲೆ ಮಹಾನಂದಕ್ಕ ಬಲಗಡೆ ಕೂತಿದ್ದಳು. ಎಡಗಡೆ ಮಾಸ್ತರರು, ತಮ್ಮ ಹಳೆಯ ಜಾಗದಲ್ಲಿ. ಎಲ್ ಬೋರ್ಡು ತೆಗೆಯುವುದು ಇಬ್ಬರಿಗೂ ಮರೆತುಹೋಗಿತ್ತು. ಹುಬ್ಬಳ್ಳಿ ದಾಟಿ, ಕಲಘಟಗಿ ದಾಟಿ ಹದವಾಗಿ ಹೋಗುತ್ತಿದ್ದ ನಮ್ಮನ್ನು ನೋಡಿ ಲಾರಿಯವರು ಪಾಪ, ಕಲಿಯುತ್ತಿದ್ದಾಳೆ ಎಂದು ದಾರಿ ಬಿಡುತ್ತಿದ್ದರು. ಆಕೆಯೋ ಅಭ್ಯಾಸಬಲದಿಂದ ಕ್ಲಚ್ಚು, ಗೇರು, ಮೆಲ್ಲಗೆ ಬಿಡು ಎಂದು ತನಗೆ ತಾನೇ ಪಾಠ ಹೇಳಿಕೊಳ್ಳುತ್ತಿದ್ದಳು. ನಾನು ಟಾಪ್ ಗೇರಿನಲ್ಲಿದ್ದೆ! ಅಯ್ಯೋ ದೇವರೇ, ಇಷ್ಟು ದಿನ ಇದು ನನ್ನೊಳಗೇ ಇತ್ತೆ?

ಯಲ್ಲಾಪುರದಾಚೆ ಅರಬೈಲ್ ಘಟ್ಟ ಇಳಿಯತೊಡಗಿದೆವು. ತಿರುವಿನ ಮೇಲೆ ತಿರುವು. ಮಾಸ್ತರರಿಗೆ ತಿರುವುಗಳು ಕಾಣುತ್ತಿರಲಿಲ್ಲ, ಎದುರಿಗಿದ್ದ ಒಂದು ತುಂಡು ರಸ್ತೆಯಷ್ಟೇ ಕಾಣುತ್ತಿತ್ತು. ಅವರ ಕಾಲು ಎಡಗಡೆಯ ಬ್ರೇಕಿನ ಮೇಲಿತ್ತು. ಆ ಕಾಲಿನ ಭಾರ ನನಗೆ ಗೊತ್ತು. ಘಟ್ಟದ ಬುಡ ಮುಟ್ಟುವವರೆಗೂ ಅವರು ಒಂದು ಸಲವೂ ಒತ್ತಲಿಲ್ಲ. ಮಹಾನಂದಕ್ಕ ಅದನ್ನು ಗಮನಿಸಿದ್ದಳು. ಕೆಳಗೆ ಬಂದ ಮೇಲೆ ಚಹಾದಂಗಡಿಯ ಮುಂದೆ ನಿಲ್ಲಿಸಿ, ಅವರ ತೊಡೆಯ ಮೇಲೆ ಕೈಯಿಟ್ಟಳು.

ಅಂಕೋಲೆಯ ಹತ್ತಿರ ಒಂದು ದಂಡೆ. ನನ್ನನ್ನು ಮರಳಿನ ಅಂಚಿಗೇ ತಂದು ನಿಲ್ಲಿಸಿದಳು. ಎದುರಿಗೆ ಅದು ಇತ್ತು. ನಾನು ಮೈದಾನವೇ ದೊಡ್ಡದು ಎಂದು ತಿಳಿದಿದ್ದವನು.

ಮಾಸ್ತರರು ಇಳಿದು ನನ್ನ ಬಾನೆಟ್ಟಿಗೆ ಆತುಕೊಂಡು ನಿಂತರು. ನೇರ ನೋಡಿದರು. ಆಮೇಲೆ ತಲೆಯನ್ನು ಮೆಲ್ಲಗೆ ಎಡಕ್ಕೆ ತಿರುಗಿಸುತ್ತ ಹೋದರು, ಮತ್ತೆ ಬಲಕ್ಕೆ. ಈಚೆಗೆ ಅವರು ಎಲ್ಲವನ್ನೂ ಹೀಗೇ ನೋಡುತ್ತಿದ್ದರು, ಬಾಗಿಲು, ತಟ್ಟೆ, ಹೆಂಡತಿಯ ಮುಖ, ತುಂಡು ತುಂಡಾಗಿ, ಜೋಡಿಸಿಕೊಳ್ಳುತ್ತ.

"ಎಷ್ಟ್ ತಿರುಗಿದ್ರೂ ಮುಗೀವಲ್ತಲ್ಲ ಇದು," ಎಂದರು. "ನಿನಗರ ಪೂರ್ತಿ ಕಾಣತೈತೇನು?"

ಮಹಾನಂದಕ್ಕ ಬಹಳ ಹೊತ್ತು ನೋಡಿದಳು.

"ಇಲ್ಲರಿ. ನನಗೂ ಪೂರ್ತಿ ಕಾಣವಲ್ತು."

"ಹಂಗಾರ ಇಬ್ಬರದೂ ಒಂದ ಆತಲ್ಲ," ಎಂದು ಮಾಸ್ತರರು ನಕ್ಕರು. ಕಣ್ಣಿನ ಸುದ್ದಿ ಬಂದಾಗಿನಿಂದ ಅವರು ಹಾಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ. ಹೊತ್ತು ಮುಳುಗುವ ತನಕ ಇಬ್ಬರೂ ನನಗೊರಗಿ ನಿಂತರು. ಅವರಿಬ್ಬರ ಭಾರ ಹೊತ್ತು ನಾನೂ ನೋಡಿದೆ.

ಮರುದಿನ ಹಿಂತಿರುಗುವಾಗ ಘಟ್ಟವನ್ನು ಸೆಕೆಂಡ್ ಗೇರಿನಲ್ಲಿ ಏರಿದೆ. ಸೆಕೆಂಡ್ ಗೇರಿನ ವಿಷಯದಲ್ಲಿ ನನಗೆ ಪಾಠ ಹೇಳುವವರು ಯಾರೂ ಇಲ್ಲ. ಆಮೇಲೆ ಮತ್ತೆ ನಾಕಾ, ಮತ್ತೆ ಮೈದಾನ. ಸಂಘದ ಹೆಣ್ಣುಮಕ್ಕಳು ಲೈಸೆನ್ಸು ಪಡೆದು ಕಸದ ಗಾಡಿ ಓಡಿಸಿಕೊಂಡು ಎದುರಿಗೆ ಬಂದಾಗ ಹಾರ್ನು ಹೊಡೆಯುತ್ತಿದ್ದರು.

ಈಗ ನನಗೆ ವಯಸ್ಸಾಗಿದೆ. ರಸ್ತೆಗೆ ಹೋಗುವುದು ಹೊಸ ಕಾರು. ನಾನು ಸ್ಕೂಲಿನ ಹಿಂದಿನ ತಗಡಿನ ಕೆಳಗೆ ನಿಂತಿರುತ್ತೇನೆ. ಮೊದಲ ದಿನ ಬಂದವರನ್ನು ನನ್ನೊಳಗೆ ಕೂರಿಸಿ, ಇಂಜಿನ್ ಹಾಕದೆ, ಕ್ಲಚ್ಚು ಬ್ರೇಕು ಗುರುತು ಮಾಡಿಸುತ್ತಾರೆ. ಆ ಪಾಠ ಮಾಸ್ತರರದು. ಅವರಿಗೀಗ ಬೆಳಕು ಕತ್ತಲೆ ಬಿಟ್ಟರೆ ಏನೂ ಕಾಣುವುದಿಲ್ಲ. ಆದರೆ ಎಡಗಡೆಯ ಪೆಡಲ್ಲಿನ ಮೇಲೆ ಕಾಲಿಟ್ಟರೆ ಸಾಕು, ಕಲಿಯುವವರ ಕಾಲು ಹೆದರಿದೆಯೋ ಇಲ್ಲವೋ ಅವರಿಗೆ ತಿಳಿಯುತ್ತದೆ. ಸಮುದ್ರದ ಉಪ್ಪಿಗೆ ನನ್ನ ತಳ ತುಕ್ಕು ಹಿಡಿದಿದೆ ಎಂದು ದಾವಲಸಾಬ ಈಗಲೂ ಗೊಣಗುತ್ತಾನೆ. ಹಿಡಿಯಲಿ ಬಿಡಿ. ಎರಡು ಲಕ್ಷದಲ್ಲಿ ಆ ಒಂದು ದಾರಿಯ ಗುರುತಾದರೂ ಮೈಮೇಲಿರಲಿ.

ಮೊನ್ನೆ ಹೊಸಬಳೊಬ್ಬಳು ಮೀಟರು ನೋಡಿ, ಇಷ್ಟೊಂದು ಓಡಿದೆಯಲ್ಲ, ಈ ಕಾರು ಎಲ್ಲೆಲ್ಲಿಗೆ ಹೋಗಿತ್ತು ಎಂದು ಕೇಳಿದಳು.

ಮಾಸ್ತರರು ತಲೆಯನ್ನು ಮೆಲ್ಲಗೆ ಎಡಕ್ಕೆ ತಿರುಗಿಸಿದರು, ಮತ್ತೆ ಬಲಕ್ಕೆ.

"ಸಮುದ್ರಕ್ಕ ಹೋಗಿತ್ತವಾ," ಎಂದರು. "ಕ್ಲಚ್ಚು ಪೂರ್ತಿ ಒತ್ತು."