ದರ್ಜಿಯ ಕತ್ತರಿ

"ಗುಂಡುಸೂಜಿ ನುಂಗಿದ್ದೀರಾ?" ಎಂದು ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದಾಗ, ನಾನು ಬಾಯಿ ತೆರೆಯುವ ಮೊದಲೇ ನನ್ನ ಮಗ "ಹೌದು" ಎಂದುಬಿಟ್ಟ. ಹೊಟ್ಟೆ ನನ್ನದು, ಉತ್ತರ ಅವನದು! ಮೈಯೆಲ್ಲ ಉರಿದುಹೋಯಿತು.

ಎಪ್ಪತ್ತಾರು ವರ್ಷದ ದರ್ಜಿ ನಾನು. ಬಟ್ಟೆ ಮಡಿಸುವಾಗ ಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಳ್ಳುವುದು ಐವತ್ತು ವರ್ಷದ ಅಭ್ಯಾಸ. ಆ ದಿನವೇ ಸರಿಯಿರಲಿಲ್ಲ. ಬೆಳಿಗ್ಗೆ ಕನ್ನಡಕ ಹುಡುಕುವ ಮೊದಲೇ, ಮಗ ಡಬ್ಬಿಯಿಂದ ಅಂಗೈಗೆ ಸುರಿದ ಐದು ಮಾತ್ರೆಗಳನ್ನು ಎಂದಿನಂತೆ ಒಂದೇ ಗುಟುಕಿಗೆ ನುಂಗಿದೆ, ಗಂಟಲು ಗೀರಿದಂತಾಯಿತು. ಮಧ್ಯಾಹ್ನ ಕತ್ತರಿ ರೇಷ್ಮೆಯನ್ನು ಕತ್ತರಿಸದೆ ಜಗಿಯತೊಡಗಿತು. ಸಂಜೆ ರಕ್ತ ವಾಂತಿಯಾಯಿತು.

"ಬಾಯಲ್ಲಿ ಸೂಜಿ ಇಟ್ಕೋಬೇಡಮ್ಮ ಅಂತ ಸಾವಿರ ಸಲ ಹೇಳಿದೀನಿ ಡಾಕ್ಟ್ರೇ," ಎಂದ ಮಗ. "ನಾಳೆನೇ ಆ ಹೊಲಿಗೆ ಮಿಷನ್ ಯಾರಿಗಾದ್ರೂ ಕೊಟ್ಟುಬಿಡ್ತೀನಿ. ಪೀಡೆ ತೊಲಗಲಿ."

"ನನ್ನ ಮಿಷನ್ ಕೊಡೋಕೆ ನೀನ್ಯಾರೋ? ನನ್ನ ಹತ್ರ ಇರೋದು ಇಪ್ಪತ್ತು ಸೂಜಿ. ಹೋಗಿ ಎಣಿಸು."

ಬಟ್ಟೆ ತರಲು ಮನೆಗೆ ಹೋಗಿದ್ದ ಸೊಸೆ ಎಣಿಸಿ ಫೋನ್ ಮಾಡಿದಳು. ಇಪ್ಪತ್ತೂ ಇದ್ದವು.

"ಹಾಗಾದ್ರೆ ಮಂಡಿನೋವಿಗೆ ಕದ್ದು ಮಾತ್ರೆ ತಿಂದಿರ್ತೀಯ," ಎಂದ ಮಗ.

ನೋವಿನ ಮಾತ್ರೆಯಿಂದ ವಯಸ್ಸಾದವರಿಗೆ ಹೊಟ್ಟೆ ಹುಣ್ಣಾಗಿ ರಕ್ತ ಬರುವುದುಂಟು ಎಂದು ಡಾಕ್ಟರಮ್ಮನೂ ತಲೆಯಾಡಿಸಿದರು. ನಾನು ಎದ್ದು ಕುಳಿತೆ.

"ಗಂಟಲಿಗೆ ಕ್ಯಾಮೆರಾ ನಳಿಕೆ ಇಳಿಸಿ ನೋಡಿ ಡಾಕ್ಟರಮ್ಮ. ಸೂಜಿ ಸಿಕ್ಕಿದ್ರೆ ಮಿಷನ್ ನಾನೇ ಕೊಟ್ಟುಬಿಡ್ತೀನಿ. ಸಿಗದಿದ್ರೆ ಇನ್ನು ಯಾರೂ ಅದರ ಸುದ್ದಿಗೆ ಬರಕೂಡದು."

ನಳಿಕೆ ಇಳಿಸಿದರು. ಹೊರಬಂದದ್ದು ಉಗುರಿನಷ್ಟಗಲದ ಚೌಕ ತಗಡು, ಅದರೊಳಗೆ ಬಿಡಿಸದ ಮಾತ್ರೆ. ಚೂಪು ಮೂಲೆಗಳು ಅನ್ನನಾಳವನ್ನು ಸೀಳಿದ್ದವು. ರಕ್ತ ನಿಲ್ಲಿಸಲು ಕ್ಲಿಪ್ ಹಾಕಿದರು.

ಎಚ್ಚರವಾದ ಮೇಲೆ ಡಾಕ್ಟರಮ್ಮ ಅದನ್ನು ಗಾಜಿನ ಬಟ್ಟಲಲ್ಲಿ ತೋರಿಸಿದರು. ಮಗನ ಮುಖ ಬಿಳಿಚಿಕೊಂಡಿತು.

"ಗಾಳಿ ಸೋಕಿದ್ರೆ ಆ ಹೊಸ ಮಾತ್ರೆ ಹಾಳಾಗುತ್ತೆ ಅಂದ್ರು ಔಷಧಿ ಅಂಗಡಿಯವರು. ಅದಕ್ಕೇ ನಿನ್ನೆ ಮಾತ್ರೆ ಪಟ್ಟಿಯನ್ನ ಹಾಗೇ ತಗಡಿನ ಸಮೇತ ಒಂದೊಂದಾಗಿ ಕತ್ತರಿಸಿ ಡಬ್ಬಿಗೆ ಹಾಕಿದ್ದೆ. ಬೆಳಿಗ್ಗೆ ಅವಸರದಲ್ಲಿ ಬಿಡಿಸೋದನ್ನ ಮರೆತೇಬಿಟ್ಟೆ ಅಮ್ಮ."

"ಯಾವುದರಲ್ಲಿ ಕತ್ತರಿಸಿದೆ?"

"ನಿನ್ನ ಕತ್ತರೀಲೇ," ಎಂದ ತಲೆ ತಗ್ಗಿಸಿ. ಆ ಕತ್ತರಿಗೆ ನಾನು ಕಾಗದವನ್ನೂ ಸೋಕಿಸಿದವಳಲ್ಲ. ಚಿಕ್ಕವನಿದ್ದಾಗ ಗಾಳಿಪಟಕ್ಕೆಂದು ಅದನ್ನು ಮುಟ್ಟಿ ಏಟು ತಿಂದಿದ್ದ. ಈಗ ತಗಡು!

ಅಷ್ಟು ದೊಡ್ಡವನು ಬಿಕ್ಕಿ ಬಿಕ್ಕಿ ಅತ್ತ. ಹತ್ತಿರ ಕರೆದು ಅವನ ಕಣ್ಣೊರೆಸಿದೆ. ಹಾಗೆಂದು ಗೆದ್ದದ್ದನ್ನು ಬಿಟ್ಟುಕೊಡುವ ಹೆಂಗಸು ನಾನಲ್ಲ.

"ಅತ್ತಿದ್ದು ಸಾಕು. ಇನ್ಮೇಲೆ ಮಾತ್ರೆ ಡಬ್ಬಿ ನಾನೇ ತುಂಬ್ಕೋತೀನಿ, ಕನ್ನಡಕ ಹಾಕ್ಕೊಂಡು. ಮಿಷನ್ ಇದ್ದಲ್ಲೇ ಇರುತ್ತೆ. ನೀನು ಕತ್ತರಿಗೆ ಸಾಣೆ ಹಿಡಿಸ್ಕೊಂಡು ಬಾ."

"ಇಲ್ಲಿಗಾ?"

"ಮತ್ತೆ? ಹರಿತ ಆಗಿದ್ಯೋ ಇಲ್ವೋ ನಾನೇ ನೋಡ್ಬೇಕು."

ಮರುದಿನ ಮಧ್ಯಾಹ್ನ ಕತ್ತರಿ ತಂದ. ನಾನು ಕೇಳದಿದ್ದರೂ ಸೂಜಿದಿಂಬನ್ನೂ ತಂದಿದ್ದ. ಎಣಿಸಿದೆ, ಇಪ್ಪತ್ತು.

ಆಸ್ಪತ್ರೆಯವರು ತೊಡಿಸಿದ್ದ ಅಂಗಿಯ ತೋಳು ಬೆರಳು ಮುಚ್ಚುವಷ್ಟು ಉದ್ದವಿತ್ತು. ಮೊಣಕೈಗೆ ಸರಿಯಾಗಿ ಕತ್ತರಿಸಿದೆ, ಕತ್ತರಿ ಜಗಿಯಲಿಲ್ಲ. ಆಮೇಲೆ ಎರಡು ಸೂಜಿ ತುಟಿಯಲ್ಲಿ ಕಚ್ಚಿಕೊಂಡು ಅಂಚು ಮಡಿಸತೊಡಗಿದೆ. ಮಗ ಏನೋ ಹೇಳಲು ಬಾಯಿ ತೆರೆದು, ಹಾಗೇ ಮುಚ್ಚಿಕೊಂಡ.